ಮಾನಿಟರ್ 72 ಅನ್ನುತ್ತೆ, ಬಿಲ್ 214 ಅನ್ನುತ್ತೆ

ಪ್ರಶ್ನೆ: ಸರ್, ನಮ್ಮದು ಮೈಸೂರಿನಲ್ಲಿ ಸ್ವಂತ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮೀಟರ್ ಬೇರೆ ಬೇರೆ, ಸಂಪಿನ ಮೋಟಾರ್ ಮಾತ್ರ ಒಂದೇ. ಗೃಹಜ್ಯೋತಿಯಲ್ಲಿ ನಮಗೆ 168 ಯೂನಿಟ್ ಉಚಿತ, ಮೊದಲೆಲ್ಲ ಜೀರೋ ಬಿಲ್ ಬರುತ್ತಿತ್ತು. ಬೇಸಿಗೆ ಶುರುವಾದಾಗಿನಿಂದ ಏರುತ್ತಾ ಏರುತ್ತಾ ಕಳೆದ ಬಿಲ್ 31 ದಿನಕ್ಕೆ 214 ಯೂನಿಟ್ ಬಂತು. ಪೂರ್ತಿ ದುಡ್ಡು ಕಟ್ಟಿದೆವು. ಸಾಕೆಟ್ಟಿಗೆ ಹಾಕುವ ಎನರ್ಜಿ ಮಾನಿಟರ್ ತರಿಸಿ ಫ್ರಿಜ್, ಟಿವಿ, ವಾಷಿಂಗ್ ಮಷಿನ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ಒಂದೊಂದು ಗಂಟೆ ನೋಡಿದೆ. ಹೇಗೆ ಕೂಡಿಸಿದರೂ ತಿಂಗಳಿಗೆ 72 ಯೂನಿಟ್ ದಾಟುತ್ತಿಲ್ಲ. ಗೀಸರ್ ಇಲ್ಲ, ಸೋಲಾರ್ ಇದೆ. ಮೀಟರ್ ಜಾಸ್ತಿ ಓಡುತ್ತಿದೆಯಾ? ಮೀಟರಿನಲ್ಲಿ ಮಿಣುಕುವ ಕೆಂಪು ದೀಪದ ಪಕ್ಕ ಇನ್ನೊಂದು ದೀಪ ಇದೆ, ಅದು ಕೆಲವೊಮ್ಮೆ ಉರಿಯುತ್ತೆ, ಕೆಲವೊಮ್ಮೆ ಇಲ್ಲ. ಮೇನ್ ವೈರಿಗೆ ಕ್ಲಾಂಪ್ ಹಾಕುವ ವೈಫೈ ಮಾನಿಟರ್ ತಗೊಂಡರೆ ಎಲ್ಲ ಗೊತ್ತಾಗುತ್ತಾ?

ಉತ್ತರ: ಪತ್ರದ ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ಆ ಇನ್ನೊಂದು ದೀಪ, ನನಗೆ ಅದರ ಮೇಲೇ ಕಣ್ಣು. ಆದರೆ ಅದಕ್ಕೆ ಹೋಗುವ ಮುಂಚೆ ನಿಮ್ಮ 72ರ ಲೆಕ್ಕ ಸರಿಮಾಡಿಕೊಳ್ಳೋಣ. ಇಲ್ಲದಿದ್ದರೆ 142 ಯೂನಿಟ್ ಎಲ್ಲೋ ಸೋರಿಹೋಯಿತು ಅಂತ ಹುಡುಕಲು ಹೊರಡುತ್ತೀರಿ. ನಿಜವಾಗಿ ಸೋರುತ್ತಿರುವುದು ಅಷ್ಟಿಲ್ಲ.

ಮೀಟರಿನ ಮೇಲೆ ಅನುಮಾನ ಬರುವುದು ಸಹಜ. ಅದರ ಮುಖದ ಮೇಲೆ ‘ಕ್ಲಾಸ್ 1.0’ ಅಂತ ಅಚ್ಚಾಗಿರುತ್ತೆ, ನೋಡಿ. ಅಂದರೆ ನೂರಕ್ಕೆ ಒಂದರಷ್ಟು ಆಚೀಚೆ ಆಗಬಹುದು. 214ರಲ್ಲಿ ಅದು 2 ಯೂನಿಟ್. ಎಲೆಕ್ಟ್ರಾನಿಕ್ ಮೀಟರ್ ಕೆಟ್ಟರೆ ಸಾಮಾನ್ಯವಾಗಿ ನಿಂತೇ ಹೋಗುತ್ತೆ, ಇಲ್ಲ ಡಿಸ್‌ಪ್ಲೇ ಹೋಗುತ್ತೆ. ನಿಧಾನಕ್ಕೆ ಜಾಸ್ತಿ ಓಡುತ್ತಾ ಹೋಗುವುದು ಅಪರೂಪ. ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಈಗ ನಿಮ್ಮ ಮಾನಿಟರಿಗೆ ಬರೋಣ. ಸಾಕೆಟ್ ಮಾನಿಟರಿಗೆ ತನ್ನ ಮೂಲಕ ಹೋಗುವ ಕರೆಂಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿಮ್ಮ ಮನೆಯ ಫ್ಯಾನು, ಟ್ಯೂಬ್‌ಲೈಟು, ಸಂಪಿನ ಮೋಟಾರ್ ಇವಕ್ಕೆಲ್ಲ ಪ್ಲಗ್ಗೇ ಇಲ್ಲ, ನೇರ ವೈರಿಂಗ್. ಹಾಗಾಗಿ ನೀವು ಅಳೆದದ್ದು ಮನೆಯ ಒಂದು ಭಾಗ ಮಾತ್ರ. ಅಳೆದ ಭಾಗದಲ್ಲೂ ಫ್ರಿಜ್ ಲೆಕ್ಕ ತಪ್ಪಿದೆ ಅನ್ನಿಸುತ್ತೆ.

ಫ್ರಿಜ್ಜನ್ನು ಒಂದು ಗಂಟೆ ನೋಡಿ 720ರಿಂದ ಗುಣಿಸಿದರೆ ತಿಂಗಳ ಲೆಕ್ಕ ಸಿಗುವುದಿಲ್ಲ. ಮಾನಿಟರ್ ಹಾಕಿ ಅದರ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ಕಂಪ್ರೆಸರ್ ಓಡುವಾಗ 100, 120 ವ್ಯಾಟ್ ತೋರಿಸುತ್ತೆ. ನಿಂತಾಗ ಒಂದೋ ಎರಡೋ ವ್ಯಾಟ್. ಬಾಗಿಲು ತೆಗೆದರೆ ಒಳಗಿನ ದೀಪದ ವ್ಯಾಟ್ ಸೇರುತ್ತೆ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ ಆದರೆ ದಿನದಲ್ಲಿ ಒಂದೆರಡು ಸಲ ಕಂಪ್ರೆಸರ್ ಸದ್ದು ಇಲ್ಲದೆಯೇ ಇದ್ದಕ್ಕಿದ್ದಂತೆ 150, 200 ವ್ಯಾಟ್ ಕಾಣಿಸುತ್ತೆ. ಐಸ್ ಕರಗಿಸುವ ಹೀಟರ್ ಅದು. ಮಂಜು ಕರಗಿದ ಮೇಲೆ ಒಳಗೆ ಬಿಸಿಯಾದದ್ದನ್ನು ಮತ್ತೆ ತಂಪು ಮಾಡಲು ಕಂಪ್ರೆಸರ್ ಒಂದು ದೊಡ್ಡ ಸುತ್ತು ಓಡುತ್ತೆ. ನೀವು ನೋಡಿದ ಒಂದು ಗಂಟೆಯಲ್ಲಿ ಇದು ಬಂದಿತ್ತೋ ಇಲ್ಲವೋ ಯಾರಿಗೆ ಗೊತ್ತು? ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನೋಡಿದ್ದರೆ ಒಂದು ಲೆಕ್ಕ, ಸಂಜೆ ಬಿಸಿ ಸಾರಿನ ಪಾತ್ರೆ ಒಳಗೆ ಇಟ್ಟ ಮೇಲೆ ನೋಡಿದ್ದರೆ ಇನ್ನೊಂದು ಲೆಕ್ಕ.

ಹಾಗಾಗಿ ಮಾನಿಟರನ್ನು ರೀಸೆಟ್ ಮಾಡಿ ಫ್ರಿಜ್ಜಿಗೆ ಹಾಕಿ ಮೂರು ದಿನ ಮುಟ್ಟಬೇಡಿ. ಆಮೇಲೆ ವ್ಯಾಟ್ ನೋಡಬೇಡಿ, ಯೂನಿಟ್ ನೋಡಿ, ಅಂದರೆ ಕೆಡಬ್ಲ್ಯೂಎಚ್ ಅಂತ ತೋರಿಸುವ ಅಂಕಿ. ಅದನ್ನು ಮೂರರಿಂದ ಭಾಗಿಸಿದರೆ ದಿನದ ಲೆಕ್ಕ. ಬೇಸಿಗೆಯಲ್ಲಿ ಸ್ವಲ್ಪ ಹಳೆಯ ಎರಡು ಬಾಗಿಲಿನ ಫ್ರಿಜ್ ದಿನಕ್ಕೆ 1.4 ಯೂನಿಟ್ ತಿಂದರೆ ಆಶ್ಚರ್ಯವಿಲ್ಲ. ತಿಂಗಳಿಗೆ ಅದೇ 42 ಆಯಿತು. ನೀವು 30 ಅಂತ ಹಿಡಿದಿದ್ದರೆ ನಿಮ್ಮ 72 ಈಗ 84.

ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಿಕ್ಸಿ 500 ವ್ಯಾಟ್ ಇರಬಹುದು, ಆದರೆ ಚಟ್ನಿಗೆ ಐದು ನಿಮಿಷ ಓಡಿದರೆ 0.04 ಯೂನಿಟ್. ದೊಡ್ಡ ಸದ್ದು ಮಾಡುವುದನ್ನೇ ಕಳ್ಳ ಅನ್ನುವುದು ನಮ್ಮ ಅಭ್ಯಾಸ. ಬಿಲ್ ಏರಿಸುವುದು ಹೆಚ್ಚಾಗಿ ಸದ್ದಿಲ್ಲದೆ ಗಂಟೆಗಟ್ಟಲೆ ಓಡುವಂಥದ್ದು. 100 ವ್ಯಾಟಿನ ಏನಾದರೂ ಹಗಲು ರಾತ್ರಿ ಓಡುತ್ತಿದ್ದರೆ ತಿಂಗಳಿಗೆ 72 ಯೂನಿಟ್. ನಿಮ್ಮ ಇಡೀ ಪಟ್ಟಿಯ ಮೊತ್ತ ಅದು!

ಪ್ಲಗ್ ಇಲ್ಲದವನ್ನು ಅಳೆಯುವುದು ಹೇಗೆ? ಅದಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ. ಗೋಡೆಯ ಮೇಲಿರುವ ಮೀಟರೇ ಒಳ್ಳೆಯ ಮಾನಿಟರ್. ಅದರ ಮೇಲೆ 3200 ಇಂಪ್ / ಕೆಡಬ್ಲ್ಯೂಎಚ್ ಅಂತ ಬರೆದಿರುತ್ತೆ. ಕೆಲವದರಲ್ಲಿ 1600 ಇರಬಹುದು, ನಿಮ್ಮದನ್ನು ನೋಡಿಕೊಳ್ಳಿ. ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಅರ್ಥ. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ, 1125ನ್ನು ಆ ಸೆಕೆಂಡಿನಿಂದ ಭಾಗಿಸಿ. ಬರುವುದು ಆ ಕ್ಷಣಕ್ಕೆ ಮನೆಯಲ್ಲಿ ಓಡುತ್ತಿರುವ ವ್ಯಾಟ್. 1600ರ ಮೀಟರ್ ಆದರೆ 2250ರಿಂದ ಶುರುಮಾಡಿ.

ಉದಾಹರಣೆಗೆ ಎಲ್ಲ ಆರಿಸಿ ಹಾಲಿನ ಫ್ಯಾನ್ ಒಂದನ್ನೇ ಫುಲ್ ಸ್ಪೀಡಿನಲ್ಲಿ ಹಾಕಿ. 15 ಸೆಕೆಂಡಿಗೊಮ್ಮೆ ಮಿಣುಕಿದರೆ 75 ವ್ಯಾಟ್, ಅದು ಹಳೇ ಮಾದರಿಯ ಫ್ಯಾನ್. ಕಡಿಮೆ ಕರೆಂಟ್ ಎಳೆಯುವ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನ್ ಆಗಿದ್ದರೆ 35, 40 ಸೆಕೆಂಡ್ ಕಾಯಬೇಕಾಗುತ್ತೆ, ಯಾಕಂದರೆ ಅದು 30 ವ್ಯಾಟಿನ ಆಸುಪಾಸು. ನಿಮ್ಮ ಮನೆಯಲ್ಲಿ ಹಳೇ ಫ್ಯಾನ್ ನಾಲ್ಕಿದ್ದು, ಬೇಸಿಗೆಯಲ್ಲಿ ಒಂದೊಂದೂ ಎಂಟು ಗಂಟೆ ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಚಳಿಗಾಲದಲ್ಲಿ ಇದು ಕಾಲುಭಾಗಕ್ಕೆ ಇಳಿದಿರುತ್ತೆ. ಜೀರೋ ಬಿಲ್ ಹೋಗಿ ಬೇಸಿಗೆ ಬಿಲ್ ಏರಿದ್ದರಲ್ಲಿ ಫ್ಯಾನಿನದೇ ದೊಡ್ಡ ಪಾಲು. ದೀಪಗಳು ಎಲ್‌ಇಡಿ ಆಗಿದ್ದರೆ ತಿಂಗಳಿಗೆ 15 ಯೂನಿಟ್ ಹಿಡಿಯಿರಿ. ಒಂದು ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತೆ. ನಿಮ್ಮ ಪಾಲಿಗೆ ದಿನಕ್ಕೆ ಇಪ್ಪತ್ತು ನಿಮಿಷ ಅಂದರೆ ತಿಂಗಳಿಗೆ 10.

ಕೂಡಿಸಿ: 84, 72, 15, 10. ಒಟ್ಟು 181. ನಿಮ್ಮ ಮನೆಯ ಫ್ಯಾನು, ದೀಪ ನಾನು ನೋಡಿಲ್ಲ, ಆದ್ದರಿಂದ ಈ ಅಂಕಿಗಳ ಜಾಗದಲ್ಲಿ ನೀವು ಅಳೆದದ್ದನ್ನು ಹಾಕಿಕೊಳ್ಳಿ. ಆದರೆ 142 ಯೂನಿಟಿನ ನಿಗೂಢ ಈಗ 33ಕ್ಕೆ ಇಳಿಯಿತು, ಅಲ್ವಾ?

ಈ 33 ಸಣ್ಣದಲ್ಲ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿಯ ಮೇಲೆ ಶೇಕಡ 10 ಸೇರಿಸಿ ಒಬ್ಬೊಬ್ಬರಿಗೆ ಒಂದು ಮಿತಿ ಕೊಟ್ಟರು. ನಿಮ್ಮದು ಹಾಗೆ ಬಂದ 168. ಅದನ್ನು ದಾಟಿ 200ರ ಒಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಸಾವಿರದ ಐನೂರು ದಾಟುತ್ತೆ. ಆದ್ದರಿಂದ 31 ದಿನದ ಬಿಲ್ಲಿಗೆ ದಿನಕ್ಕೆ 6.4 ಯೂನಿಟ್ ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ. ನೀವು 6.9ರಲ್ಲಿದ್ದೀರಿ.

ಮೊದಲ ಅನುಮಾನ ಯುಪಿಎಸ್ ಮೇಲೆ. ನೀವು ಅದರ ವಿಷಯ ಬರೆದಿಲ್ಲ, ಆದರೆ ಮೈಸೂರಿನಲ್ಲಿ ಯುಪಿಎಸ್ ಇಲ್ಲದ ಸ್ವಂತ ಮನೆ ಕಡಿಮೆ. ಒಳ್ಳೆಯ ಬ್ಯಾಟರಿ ಫುಲ್ ಆದ ಮೇಲೆ ಯುಪಿಎಸ್ ಹತ್ತಿಪ್ಪತ್ತು ವ್ಯಾಟಿಗೆ ಇಳಿಯಬೇಕು. ಮುಪ್ಪಾದ ಬ್ಯಾಟರಿ ಫುಲ್ ಆಗುವುದೇ ಇಲ್ಲ. ಚಾರ್ಜರ್ ಸುಮ್ನೆ ತುಂಬುತ್ತಲೇ ಇರುತ್ತೆ, ಬ್ಯಾಟರಿ ಬೆಚ್ಚಗಾಗಿರುತ್ತೆ, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಖಾಲಿಯಾಗುತ್ತೆ. ಇಲ್ಲಿ ನಿಮ್ಮ ಸಾಕೆಟ್ ಮಾನಿಟರ್ ಚೆನ್ನಾಗಿ ಕೆಲಸಕ್ಕೆ ಬರುತ್ತೆ, ಆದರೆ ಒಂದು ತೊಡಕಿದೆ. ಕರೆಂಟ್ ಇದ್ದಾಗ ಯುಪಿಎಸ್‌ಗೆ ಸೇರಿಸಿದ ಫ್ಯಾನು, ದೀಪಗಳ ಕರೆಂಟೂ ಯುಪಿಎಸ್ ಪ್ಲಗ್ಗಿನ ಮೂಲಕವೇ ಹೋಗುತ್ತೆ. ಹಾಗಾಗಿ ಮಾನಿಟರ್ ಹಾಕಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಲು ಒಂದು ದಿನ ಬಿಟ್ಟು, ಆಮೇಲೆ ಆ ಫ್ಯಾನು, ದೀಪ ಎಲ್ಲ ಆರಿಸಿ ಓದಿ. ಕರೆಂಟ್ ಹೋಗಿ ಬಂದ ದಿನ ನೋಡಬೇಡಿ. ಆಗಲೂ 60 ವ್ಯಾಟ್ ತೋರಿಸಿದರೆ ತಿಂಗಳಿಗೆ 43 ಯೂನಿಟ್ ಬ್ಯಾಟರಿಗೇ ಹೋಗುತ್ತಿದೆ.

ಸೋಲಾರ್ ಇದೆ ಅಂದಿರಿ. ಅದರ ಟ್ಯಾಂಕಿನಲ್ಲಿ ಮೋಡದ ದಿನಕ್ಕೆ ಅಂತ ಕಾಯಿಲ್ ಇದೆಯಾ ನೋಡಿ, ಸಾಮಾನ್ಯವಾಗಿ 2000 ವ್ಯಾಟಿನದು. ಜೂನ್-ಜುಲೈ ಮಳೆಯಲ್ಲಿ ಹಾಕಿದ ಸ್ವಿಚ್ ವರ್ಷವಿಡೀ ಹಾಗೇ ಇರುವ ಮನೆಗಳಿವೆ. 200 ಲೀಟರ್ ನೀರನ್ನು ಬರೀ 10 ಡಿಗ್ರಿ ಏರಿಸಲು 2.3 ಯೂನಿಟ್ ಬೇಕು. ಸ್ವಿಚ್ ಆಫ್ ಇದ್ದರೆ ಈ ವಿಷಯ ಇಲ್ಲಿಗೆ ಬಿಡಿ.

ಇನ್ನು ಆ ದೀಪ.

ಕರೆಂಟ್ ಫೇಸ್ ವೈರಿನಲ್ಲಿ ಬಂದು ನ್ಯೂಟ್ರಲ್ ವೈರಿನಲ್ಲಿ ವಾಪಸ್ ಹೋಗುತ್ತೆ. ಎರಡರಲ್ಲೂ ಒಂದೇ ಅಳತೆ ಇರಬೇಕು. ನಮ್ಮಲ್ಲಿ ಮನೆಗಳಿಗೆ ಹಾಕುವ ಎಲೆಕ್ಟ್ರಾನಿಕ್ ಮೀಟರ್ ಈ ಎರಡನ್ನೂ ಬೇರೆ ಬೇರೆ ಅಳೆಯುತ್ತೆ. ವ್ಯತ್ಯಾಸ ಒಂದು ಮಿತಿ ದಾಟಿದರೆ ಆ ಎರಡನೇ ದೀಪ ಉರಿಯುತ್ತೆ. ಪಕ್ಕದಲ್ಲಿ ‘ಇ’, ‘ಇಎಲ್’ ಅಥವಾ ‘ಅರ್ತ್’ ಅಂತ ಇಂಗ್ಲಿಷಿನಲ್ಲಿ ಇರುತ್ತೆ, ಕಂಪನಿಗೊಂದು ಥರ. ಮುಖ್ಯ ವಿಷಯ ಇದು: ವ್ಯತ್ಯಾಸ ಬಂದಾಗ ಮೀಟರ್ ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಯೂನಿಟ್ ಲೆಕ್ಕಕ್ಕೆ ಹಿಡಿಯುತ್ತೆ. ನ್ಯೂಟ್ರಲ್ ತಪ್ಪಿಸಿ ಅರ್ತ್‌ಗೆ ಕೊಟ್ಟು ಕರೆಂಟ್ ಕದಿಯುವವರನ್ನು ಹಿಡಿಯಲು ಮಾಡಿದ ಏರ್ಪಾಡು. ಆದರೆ ಏನೂ ಕದಿಯದವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ನಿಮ್ಮ ಮನೆಯಲ್ಲಿ ಹೀಗಿರಬಹುದು. ಮೋಟಾರ್ ಒಂದೇ, ಮೀಟರ್ ಎರಡು. ಯಾರು ನೀರು ಏರಿಸುತ್ತಾರೋ ಅವರ ಮೀಟರಿನಲ್ಲಿ ಓಡಲಿ ಅಂತ ಚೇಂಜ್‌ಓವರ್ ಸ್ವಿಚ್ ಹಾಕಿರುತ್ತಾರೆ. ಎಲೆಕ್ಟ್ರಿಷಿಯನ್ ಫೇಸ್ ವೈರನ್ನು ಮಾತ್ರ ಬದಲಾಗುವಂತೆ ಮಾಡಿ, ನ್ಯೂಟ್ರಲ್ ಒಂದನ್ನೇ, ಅದೂ ಹತ್ತಿರ ಸಿಕ್ಕಿದ ಕೆಳಗಿನ ಮನೆಯದನ್ನು ಕೊಟ್ಟುಬಿಡುತ್ತಾನೆ. ಮೋಟಾರ್ ಏನೋ ಓಡುತ್ತೆ. ಆದರೆ ಮೇಲಿನವರು ಅವರ ಫೇಸಿನಿಂದ ಓಡಿಸಿದಾಗ ಐದು ಆಂಪಿಯರ್ ಕರೆಂಟ್ ನಿಮ್ಮ ನ್ಯೂಟ್ರಲ್ಲಿನಲ್ಲಿ ವಾಪಸ್ ಹೋಗುತ್ತೆ. ಅವರ ಮೀಟರ್ ಫೇಸ್ ನೋಡಿ ಎಣಿಸುತ್ತೆ, ನಿಮ್ಮ ಮೀಟರ್ ನ್ಯೂಟ್ರಲ್ ನೋಡಿ ಎಣಿಸುತ್ತೆ. ಒಂದೇ ನೀರಿಗೆ ಎರಡು ಮನೆಯಲ್ಲೂ ಬಿಲ್! ಅವರು ದಿನಕ್ಕೆ ಅರ್ಧ ಗಂಟೆ ಹಾಕಿದರೆ ನಿಮ್ಮ ತಲೆಗೆ ತಿಂಗಳಿಗೆ 15 ಯೂನಿಟ್. 200ರ ಗಡಿಯಲ್ಲಿ ನಿಂತಿರುವ ನಿಮಗೆ ಅಷ್ಟು ಸಾಕು. ಮೆಟ್ಟಿಲಿನ ದೀಪ, ಗೇಟಿನ ದೀಪದಲ್ಲೂ ಇದೇ ಕಥೆ ನಡೆಯುತ್ತೆ, ಆದರೆ ಅವು ಚಿಕ್ಕವು. ದೀಪ ಕೆಲವೊಮ್ಮೆ ಮಾತ್ರ ಉರಿಯುತ್ತೆ ಅಂದಿರಲ್ಲ, ಅದಕ್ಕೇ ನನಗೆ ಮೋಟಾರ್ ನೆನಪಾಯಿತು.

ಪರೀಕ್ಷೆ ಸುಲಭ. ಮೇನ್ ಸ್ವಿಚ್ ಆನ್ ಇರಲಿ, ಡಿಬಿಯಲ್ಲಿ, ಅಂದರೆ ಮೇನ್ ಸ್ವಿಚ್ಚಿನ ನಂತರದ ಪೆಟ್ಟಿಗೆಯಲ್ಲಿ, ಇರುವ ಎಂಸಿಬಿ ಸ್ವಿಚ್‌ಗಳನ್ನೆಲ್ಲ ಕೆಳಗೆ ಮಾಡಿ. ಯುಪಿಎಸ್ ಇದ್ದರೆ ಬ್ಯಾಟರಿಯಲ್ಲಿ ದೀಪ ಉರಿಯುತ್ತಿರಬಹುದು, ಗಾಬರಿ ಬೇಡ. ಈಗ ಮೀಟರಿನ ಕೆಂಪು ದೀಪ ಮಿಣುಕುವುದು ನಿಲ್ಲಬೇಕು. ನಿಂತಿತಾ? ಮೇಲಿನ ಮನೆಯವರಿಗೆ ಅವರ ಕಡೆಯಿಂದ ಮೋಟಾರ್ ಹಾಕಲು ಹೇಳಿ. ನಿಮ್ಮ ಮನೆಯಲ್ಲಿ ಏನೂ ಓಡದೆ ಇದ್ದರೂ ನಿಮ್ಮ ಮೀಟರ್ ಪಟಪಟ ಮಿಣುಕಿ ಎರಡನೇ ದೀಪ ಹತ್ತಿದರೆ ಸಿಕ್ಕಿತು. ಮೋಟಾರಿನ ಎಂಸಿಬಿ ಡಬಲ್ ಪೋಲ್ ಆಗಿದ್ದರೆ, ಅಂದರೆ ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿದ್ದರೆ, ಮೋಟಾರ್ ಓಡುವುದೇ ಇಲ್ಲ. ಅದರ ಅರ್ಥವೂ ಅದೇ, ನ್ಯೂಟ್ರಲ್ ನಿಮ್ಮದು.

ಎಂಸಿಬಿ ಎಲ್ಲ ಆಫ್ ಮಾಡಿದಾಗ ದೀಪ ಆರಿ, ಯಾವುದೋ ಒಂದನ್ನು ಮೇಲೆ ಮಾಡಿದಾಗ ಹತ್ತಿದರೆ ವಿಷಯ ಬೇರೆ. ಅದು ನಿಮ್ಮ ಮನೆಯೊಳಗೇ ಅರ್ತ್‌ಗೆ ಸೋರಿಕೆ ಇರುವ ಸೂಚನೆ: ಸಂಪಿನ ಒದ್ದೆ ಕೇಬಲ್, ಸೋಲಾರ್ ಕಾಯಿಲ್, ಹೊರಗಿನ ದೀಪ, ಇಂಥವು. ಆ ಎಂಸಿಬಿಯನ್ನು ಆಫ್ ಮಾಡಿಯೇ ಬಿಡಿ, ಇದು ಬಿಲ್ಲಿನ ಮಾತಲ್ಲ, ಶಾಕ್ ಹೊಡೆಯುವ ಮಾತು. ನಿಮ್ಮ ಡಿಬಿಯಲ್ಲಿ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ತಾನೇ ಕರೆಂಟ್ ಕಡಿಯುವ ಸ್ವಿಚ್, ಇದ್ದರೆ ಇದಕ್ಕೂ ಸರಿ, ಎರಡು ಮನೆಯ ನ್ಯೂಟ್ರಲ್ ಬೆರಕೆಗೂ ಸರಿ, ಅದು ಟ್ರಿಪ್ ಆಗಬೇಕಿತ್ತು. ಆಗಿಲ್ಲ ಅಂದರೆ ಇಲ್ಲವೇ ಇಲ್ಲ, ಇಲ್ಲ ಕೆಟ್ಟಿದೆ, ಅಥವಾ ಪದೇ ಪದೇ ಬೀಳುತ್ತೆ ಅಂತ ಯಾರೋ ಬೈಪಾಸ್ ಮಾಡಿದ್ದಾರೆ. ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಇದನ್ನೇ ಕೇಳಿ.

ಅವರ ಹತ್ತಿರ ಟಾಂಗ್ ಟೆಸ್ಟರ್ ಇರುತ್ತೆ, ವೈರನ್ನು ಬಾಯಿಯಲ್ಲಿ ಹಿಡಿದು ಕರೆಂಟ್ ಅಳೆಯುವ ಇಕ್ಕಳದಂಥ ಸಾಧನ. ಮೀಟರಿನಿಂದ ಡಿಬಿಗೆ ಬರುವ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಯೊಳಗೆ ಹಿಡಿದರೆ ಸೊನ್ನೆ ತೋರಿಸಬೇಕು, ಹೋದದ್ದು ಬಂದದ್ದು ಒಂದಕ್ಕೊಂದು ವಜಾ ಆಗುತ್ತೆ. ಸೊನ್ನೆ ಬರದಿದ್ದರೆ ಬೆರಕೆ ಅಥವಾ ಸೋರಿಕೆ. ಸರಿಮಾಡುವುದು ದೊಡ್ಡ ಕೆಲಸವಲ್ಲ. ಫೇಸ್ ನ್ಯೂಟ್ರಲ್ ಎರಡೂ ಒಟ್ಟಿಗೆ ಬದಲಾಗುವ ಡಬಲ್ ಪೋಲ್ ಚೇಂಜ್‌ಓವರ್ ಹಾಕಿ, ಮೇಲಿನ ಮನೆಯ ನ್ಯೂಟ್ರಲ್ ಒಂದು ಎಳೆದರೆ ಮುಗಿಯಿತು. ಕೆಲಸ ಮಾಡುವಾಗ ಎರಡೂ ಮನೆಯ ಮೇನ್ ಆಫ್ ಇರಲಿ. ಬೆರಕೆ ಇರುವ ಕಡೆ ನಿಮ್ಮ ಮೇನ್ ಒಂದನ್ನೇ ಆಫ್ ಮಾಡಿದರೆ ನ್ಯೂಟ್ರಲ್ ವೈರಿಗೂ ಮೇಲಿನಿಂದ ಕರೆಂಟ್ ಬಂದಿರಬಹುದು.

ಕ್ಲಾಂಪ್ ಮಾನಿಟರ್ ಕೊಳ್ಳಬೇಕಾ ಅಂತ ಕೇಳಿದಿರಿ. ನ್ಯೂಟ್ರಲ್ ಸರಿಮಾಡುವ ಮುಂಚೆ ಬೇಡ. ಕ್ಲಾಂಪನ್ನು ಫೇಸ್ ವೈರಿಗೆ ಮಾತ್ರ ಹಾಕುತ್ತಾರೆ. ಈಗ ಹಾಕಿದರೆ ಅದು 195 ಅನ್ನುತ್ತೆ, ಮೀಟರ್ 210 ಅನ್ನುತ್ತೆ, ನೀವು ಮೀಟರ್ ಕೆಟ್ಟಿದೆ ಅಂತ ದೂರು ಕೊಡಲು ಹೋಗುತ್ತೀರಿ. ಸರಿಯಾದ ಮೇಲೂ ಆಸೆ ಇದ್ದರೆ ಒಂದು ನೋಡಿಕೊಳ್ಳಿ: ಅದು ಕ್ಲಾಂಪಿನ ಜೊತೆ ವೋಲ್ಟೇಜನ್ನೂ ಅಳೆಯುತ್ತಾ? ಬರೀ ಕ್ಲಾಂಪ್ ಇರುವುದು ಆಂಪಿಯರ್ ಅಳೆದು 230ರಿಂದ ಗುಣಿಸಿ ವ್ಯಾಟ್ ಅನ್ನುತ್ತೆ. ಮೋಟಾರ್, ಯುಪಿಎಸ್, ಅಗ್ಗದ ಎಲ್‌ಇಡಿ ಬಲ್ಬುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿದ್ದರಲ್ಲಿ ನಿಜವಾದ ವ್ಯಾಟಿನ ಪಾಲು) 0.5 ಇರುವ 9 ವ್ಯಾಟ್ ಬಲ್ಬನ್ನು ಅದು 18 ಅಂತ ತೋರಿಸುತ್ತೆ. ಸಂತೆಯಲ್ಲಿ ಮಾರುವ ‘ಪವರ್ ಸೇವರ್’ ಡಬ್ಬಿಯ ಮೋಸವೂ ಇದೇ. ಡಬ್ಬಿ ಹಾಕಿದ ತಕ್ಷಣ ಆಂಪಿಯರ್ ಇಳಿಯುವುದನ್ನು ತೋರಿಸುತ್ತಾರೆ, ಅದು ನಿಜವೇ. ಒಳಗಿರುವುದು ಒಂದು ಕೆಪಾಸಿಟರ್. ಆದರೆ ಮನೆಯ ಬಿಲ್ ಆಂಪಿಯರಿಗಲ್ಲ, ಯೂನಿಟ್ಟಿಗೆ. ಯೂನಿಟ್ ಇಳಿಯುವುದಿಲ್ಲ.

ವೋಲ್ಟೇಜ್ ವೈರ್ ಇರುವ ಮಾನಿಟರನ್ನು ಡಿಬಿಯಲ್ಲಿ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಮೇನ್ ಆಫ್ ಮಾಡಿದರೂ ಅದರ ಮೇಲಿನ ತುದಿಯಲ್ಲಿ ಕರೆಂಟ್ ಇದ್ದೇ ಇರುತ್ತೆ. ಮೀಟರಿನ ಸೀಲ್ ಇರುವ ಕಡೆ ಯಾರಿಗೂ ಕೈ ಹಾಕಲು ಬಿಡಬೇಡಿ, 2003ರ ವಿದ್ಯುತ್ ಕಾಯ್ದೆಯ 138ನೇ ಸೆಕ್ಷನ್ ಅದಕ್ಕೇ ಇರುವುದು. ಹಾಕಿದ ಮೇಲೆ ಮೊದಲ ವಾರ ದಿನಾ ಒಂದೇ ಹೊತ್ತಿಗೆ ಮೀಟರ್ ರೀಡಿಂಗ್ ಬರೆದು ಎರಡನ್ನೂ ಹೋಲಿಸಿ. ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಇದ್ದರೆ ಪರವಾಗಿಲ್ಲ.

ಹಳೇ ಬಿಲ್ಲಿನ ದುಡ್ಡು ವಾಪಸ್ ಬರುತ್ತಾ ಅಂತ ನೀವು ಮುಂದೆ ಕೇಳಬಹುದು. ಕಾರಣ ನ್ಯೂಟ್ರಲ್ ಬೆರಕೆಯೇ ಆಗಿದ್ದರೆ ಮೀಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಮೀಟರಿನಿಂದ ಈಚೆಗಿನ ವೈರಿಂಗ್ ಮನೆಯವರ ಜವಾಬ್ದಾರಿ, ಆದ್ದರಿಂದ ಆಸೆ ಇಟ್ಟುಕೊಳ್ಳಬೇಡಿ. ಬಾಡಿಗೆಯವರ ಹತ್ತಿರವೂ ಕೇಳಬೇಡಿ, ಅವರು ಆ ಮೋಟಾರಿನ ದುಡ್ಡನ್ನು ಅವರ ಬಿಲ್ಲಿನಲ್ಲಿ ಆಗಲೇ ಕಟ್ಟಿದ್ದಾರೆ.